ಪ್ರೇಮಚಂದರ ಮುದ್ರಣಾಲಯ

ನಾನು ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ಒಂದು ಕಡತ ಈಗಲೂ ನೆನಪಾಗುತ್ತದೆ. ಪ್ರಥಮ ದರ್ಜೆ ಸಹಾಯಕರೊಬ್ಬರು ತಾವು ಬರೆದ ಕಥೆಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಮಾರಲು ಅನುಮತಿ ಕೋರಿದ್ದರು. ಅಚ್ಚು ಹಾಕಿಸುವುದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಮಾರುವುದು ಖಾಸಗಿ ವ್ಯಾಪಾರವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಶಾಖೆಯವರು ಎತ್ತಿದ್ದರು. ಸ್ಪಷ್ಟೀಕರಣ ಪಡೆದು ಮಂಡಿಸುವಂತೆ ಬರೆದು ನಾನು ಕಡತವನ್ನು ಕೆಳಗೆ ಕಳುಹಿಸಿದೆ. ಅದು ಒಂದು ವರ್ಷಕ್ಕೂ ಮೀರಿ ಶಾಖೆಯಿಂದ ಶಾಖೆಗೆ ಸುತ್ತಿತು. ಕೊನೆಗೆ ಅರ್ಜಿದಾರರೇ ತಮ್ಮ ಕೋರಿಕೆಯನ್ನು ಹಿಂದಕ್ಕೆ ಪಡೆದರು. ಕಡತವನ್ನು ಮುಕ್ತಾಯಗೊಳಿಸಬಹುದೆಂಬ ಟಿಪ್ಪಣಿಯ ಕೆಳಗೆ ನಾನು ಸಹಿ ಹಾಕಿದೆ. ನಿಯಮದ ದೃಷ್ಟಿಯಿಂದ ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ನಿವೃತ್ತಿಯ ನಂತರ ಬಿಡುವಾಗಿ ಪ್ರೇಮಚಂದರ ಬದುಕನ್ನು ಓದುತ್ತಿದ್ದಾಗ ಆ ಸಹಿ ಮತ್ತೆ ಕಣ್ಣೆದುರು ಬಂದಿತು. ಅವರೂ ಸರ್ಕಾರಿ ನೌಕರರಾಗಿದ್ದರು. ಅವರೂ ಕಥೆ ಬರೆಯಲು ಅನುಮತಿ ಕೇಳಬೇಕಾಗಿತ್ತು. ಆ ಅನುಮತಿಯ ಹಂಗನ್ನು ತೊರೆದು ಅವರು ಕೊಂಡುಕೊಂಡ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಎಷ್ಟೆಂಬುದು ಅವರ ಕಾದಂಬರಿಗಳನ್ನು ಮೆಚ್ಚಿ ಓದುವ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಧನಪತ್ ರಾಯ್ ಎಂಬ ಹೆಸರಿನ ಈ ಮನುಷ್ಯ 1880ರ ಜುಲೈ 31ರಂದು ಕಾಶಿಗೆ ಸಮೀಪದ ಲಮಹಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅಂಚೆ ಇಲಾಖೆಯ ಗುಮಾಸ್ತರು. ಎಂಟು ವರ್ಷದ ಆಸುಪಾಸಿನಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ಹದಿನೈದರ ವಯಸ್ಸಿಗೇ ಮದುವೆಯಾಯಿತು. 1897ರಲ್ಲಿ ತಂದೆಯೂ ತೀರಿಕೊಂಡಾಗ ಮಲತಾಯಿ, ಅವರ ಮಗ ಮತ್ತು ಪತ್ನಿಯ ಹೊಣೆ ಆತನ ಮೇಲೆ ಬಿದ್ದಿತು. ಕಾಲೇಜು ಸೇರುವ ಆಸೆ ಗಣಿತದ ಎದುರು ಸೋತಿತ್ತು. ಎರಡು ರೂಪಾಯಿಗೆ ಕೊಂಡಿದ್ದ ಗಣಿತದ ಪುಸ್ತಕವೊಂದನ್ನು ಹಸಿವು ತಾಳಲಾರದೆ ಒಂದು ರೂಪಾಯಿಗೆ ಮಾರಲು ಹೋದಾಗ ಅಂಗಡಿಯಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯರ ಪರಿಚಯವಾಗಿ, ಚುನಾರಿನಲ್ಲಿ ತಿಂಗಳಿಗೆ 18 ರೂಪಾಯಿ ಸಂಬಳದ ಮಾಸ್ತರಿಕೆ ದೊರೆಯಿತೆಂದು ಅವರೇ ಬರೆದುಕೊಂಡಿದ್ದಾರೆ. ಪುಸ್ತಕವನ್ನು ಅರ್ಧ ಬೆಲೆಗೆ ಮಾರಿದ ಆ ದಿನವೇ ಅವರ ವೃತ್ತಿಜೀವನದ ಆರಂಭದ ದಿನವೂ ಆಯಿತು. 1900ರಲ್ಲಿ ಅವರು ಬಹರಾಯಿಚ್‌ನ ಸರ್ಕಾರಿ ಶಾಲೆಯನ್ನು ಸೇರಿದರು. ಮೊದಲ ದಾಂಪತ್ಯ ಮುರಿದುಬಿದ್ದ ಮೇಲೆ 1906ರಲ್ಲಿ ಬಾಲವಿಧವೆಯಾಗಿದ್ದ ಶಿವರಾಣಿ ದೇವಿಯವರನ್ನು ಮದುವೆಯಾದರು. ಮುಂದಿನ ಮೂವತ್ತು ವರ್ಷಗಳ ಲೆಕ್ಕಾಚಾರದಲ್ಲಿ ಈ ಮಹಿಳೆಯ ಪಾತ್ರ ದೊಡ್ಡದು.

ಆ ವೇಳೆಗೆ ಅವರು ನವಾಬ್ ರಾಯ್ ಎಂಬ ಹೆಸರಿನಲ್ಲಿ ಉರ್ದುವಿನಲ್ಲಿ ಬರೆಯುತ್ತಿದ್ದರು. 1908ರಲ್ಲಿ ಕಾನ್ಪುರದ 'ಜಮಾನಾ' ಪತ್ರಿಕೆಯ ಮುದ್ರಣಾಲಯದಿಂದ 'ಸೋಜ್-ಎ-ವತನ್' ಎಂಬ ಐದು ಕಥೆಗಳ ಸಂಕಲನ ಹೊರಬಂದಿತು. ದೇಶಪ್ರೇಮದ ಕಥೆಗಳು. ಅವರು ಹಮೀರ್‌ಪುರ ಜಿಲ್ಲೆಯಲ್ಲಿ ಶಾಲೆಗಳ ಉಪ ತನಿಖಾಧಿಕಾರಿಯಾಗಿದ್ದಾಗ ಜಿಲ್ಲಾ ಕಲೆಕ್ಟರರಿಂದ ಕರೆ ಬಂದಿತು. ರಾತ್ರಿಯೆಲ್ಲ ಎತ್ತಿನ ಗಾಡಿಯಲ್ಲಿ ಪ್ರಯಾಣ ಮಾಡಿ ಸಾಹೇಬರ ಬಿಡಾರವನ್ನು ತಲುಪಿದರೆ, ಮೇಜಿನ ಮೇಲೆ ಆ ಪುಸ್ತಕ ಕಾದಿತ್ತು. ಕಥೆಗಳಲ್ಲಿ ರಾಜದ್ರೋಹ ತುಂಬಿದೆಯೆಂದು ಕಲೆಕ್ಟರರು ತೀರ್ಮಾನಿಸಿದರು. ಉಳಿದಿದ್ದ ಪ್ರತಿಗಳನ್ನೆಲ್ಲ ಒಪ್ಪಿಸಬೇಕು, ಇನ್ನು ಮುಂದೆ ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸಕೂಡದು ಎಂದು ಅಪ್ಪಣೆಯಾಯಿತು. ಪ್ರೇಮಚಂದರೇ ನೀಡಿರುವ ಲೆಕ್ಕದಂತೆ ಅಚ್ಚಾದ ಸಾವಿರ ಪ್ರತಿಗಳಲ್ಲಿ ಮಾರಾಟವಾಗಿದ್ದುದು ಸುಮಾರು 300. ಉಳಿದ 700 ಬೆಂಕಿಯ ಪಾಲಾದವು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ದೇಶಭಕ್ತಿಯ ಕಥೆಯೆಂದು ಹೇಳುತ್ತೇವೆ. ಕಚೇರಿಯಲ್ಲಿ ದುಡಿದವರಿಗೆ ಅದರಲ್ಲಿ ಬೇರೆಯದೂ ಕಾಣುತ್ತದೆ. ಬೆಂಕಿಗಿಂತ ಹೆಚ್ಚು ನೋಯಿಸುವಂಥದು ಅನುಮತಿಯ ಷರತ್ತು. ಬೆಂಕಿ ಒಂದೇ ದಿನ ಉರಿಯುತ್ತದೆ, ಅನುಮತಿಯ ಷರತ್ತು ಪ್ರತಿ ತಿಂಗಳೂ ಕಾಡುತ್ತದೆ. ತಿಂಗಳಿಗೆ ಒಂದೆರಡು ಕಥೆ ಬರೆಯುವ ಮನುಷ್ಯ ಪ್ರತಿಯೊಂದನ್ನೂ ಮೇಲಧಿಕಾರಿಗಳ ಪರಿಶೀಲನೆಗೆ ಸಲ್ಲಿಸಬೇಕೆಂದರೆ ಆತನ ಬರವಣಿಗೆ ಕಡತಗಳ ರಾಶಿಯಲ್ಲಿ ಸದ್ದಿಲ್ಲದೆ ಸಾಯುತ್ತದೆ. ನವಾಬ್ ರಾಯ್ ಎಂಬ ಹೆಸರು ಹಾಗೆಯೇ ಸತ್ತಿತು. 'ಜಮಾನಾ' ಸಂಪಾದಕರಾದ ದಯಾನಾರಾಯಣ ನಿಗಮರು ಸೂಚಿಸಿದ ಪ್ರೇಮಚಂದ್ ಎಂಬ ಹೊಸ ಹೆಸರು 1910ರ ಕೊನೆಯಲ್ಲಿ ಅದೇ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಇಂದು ಇಡೀ ದೇಶಕ್ಕೆ ಗೊತ್ತಿರುವ ಹೆಸರು, ಮೂಲದಲ್ಲಿ ಸರ್ಕಾರಿ ನೌಕರನೊಬ್ಬ ನಿಯಮದಿಂದ ತಪ್ಪಿಸಿಕೊಳ್ಳಲು ಹಾಕಿಕೊಂಡ ಮುಸುಕು.

ಅವರ ಬರವಣಿಗೆಯ ದಿನಚರಿಯಲ್ಲಿ ಸ್ಫೂರ್ತಿಗಾಗಿ ಕಾಯುವ ಐಷಾರಾಮಕ್ಕೆ ಎಡೆಯಿರಲಿಲ್ಲ. ಬೆಳಗಿನ ಹೊತ್ತು ಬರೆಯುವುದು, ಆಮೇಲೆ ಶಾಲೆ ಅಥವಾ ತನಿಖೆಯ ಪ್ರವಾಸ, ಮನೆಗೆ ಮರಳಿದ ಮೇಲೆ ಮತ್ತೆ ಕಾಗದ. ಕಾದಂಬರಿಯ ರೂಪುರೇಷೆಯನ್ನು ಮೊದಲು ಇಂಗ್ಲಿಷಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಬಹುಕಾಲ ಉರ್ದುವಿನಲ್ಲಿ ಬರೆದು ಅನಂತರ ಹಿಂದಿಗೆ ತರುತ್ತಿದ್ದರು. ಬಾಲ್ಯದ ಬಡತನ ಕೊಟ್ಟ ಹೊಟ್ಟೆಯ ಕಾಯಿಲೆ ಜೀವನಪರ್ಯಂತ ಬಿಡಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ನೌಕರಿಯ ನಡುವೆಯೇ ಓದಿ 1919ರಲ್ಲಿ ಬಿ.ಎ. ಮುಗಿಸಿದರು. ಒಟ್ಟು ಸುಮಾರು ಮುನ್ನೂರು ಕಥೆಗಳು, ಹನ್ನೆರಡಕ್ಕೂ ಹೆಚ್ಚು ಕಾದಂಬರಿಗಳು. ಹೊಲಕ್ಕೆ ಹೋಗುವ ರೈತನಂತೆ ಮೇಜಿಗೆ ಹೋಗಿ ಕೂರುವ ಶಿಸ್ತಿಲ್ಲದೆ ಇಷ್ಟು ಫಸಲು ಬರುವುದು ಸಾಧ್ಯವಿಲ್ಲ.

ಫಸಲಿನ ಬೆಲೆ ಮಾತ್ರ ರೈತನ ಕೈಯಲ್ಲಿರಲಿಲ್ಲ. 'ಬಾಜಾರ್-ಎ-ಹುಸ್ನ್' ಎಂದು ಉರ್ದುವಿನಲ್ಲಿ ಬರೆದ ಕಾದಂಬರಿಗೆ ಪ್ರಕಾಶಕರು ಸಿಗದೆ, ಅದು ಮೊದಲು ಹಿಂದಿಯಲ್ಲಿ 'ಸೇವಾಸದನ' ಎಂಬ ಹೆಸರಿನಿಂದ ಬೆಳಕು ಕಂಡಿತು. ಕಲ್ಕತ್ತೆಯ ಪ್ರಕಾಶಕರು ಅದಕ್ಕೆ ಕೊಟ್ಟದ್ದು 450 ರೂಪಾಯಿ. ಉರ್ದು ಆವೃತ್ತಿ ಲಾಹೋರಿನಲ್ಲಿ ಹೊರಬರಲು 1924ರವರೆಗೆ ಕಾಯಬೇಕಾಯಿತು, ಅದಕ್ಕೆ ಸಿಕ್ಕಿದ್ದು 250. ಅವರ ಹೆಸರು ಬೆಳೆದಂತೆ ಸಂಭಾವನೆಯೂ ಬೆಳೆಯಿತೆಂಬುದು ನಿಜ. 'ರಂಗಭೂಮಿ'ಗೆ ಲಖನೌದ ಪ್ರಕಾಶಕರು 1,800 ರೂಪಾಯಿ ಕೊಟ್ಟರು. ಆದರೆ ಒಮ್ಮೆ ಹಣ ಪಡೆದರೆ ಪುಸ್ತಕದ ಮುಂದಿನ ಗಳಿಕೆ ಮಾರಿದವನದು. ಉತ್ಪಾದಕನಿಗೂ ಬಳಕೆದಾರನಿಗೂ ನಡುವೆ ನಿಂತ ದಲ್ಲಾಳಿಯ ಪಾಲು ಎಷ್ಟಿರಬೇಕೆಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಧಾನ್ಯದ ಮಾರುಕಟ್ಟೆಯ ಉದಾಹರಣೆಯಿಂದ ಕಲಿಯುತ್ತೇವೆ. ಪ್ರೇಮಚಂದರು ಅದನ್ನು ತಮ್ಮದೇ ಹಸ್ತಪ್ರತಿಗಳಿಂದ ಕಲಿತರು.

1921ರ ಫೆಬ್ರುವರಿ 8ರಂದು ಗಾಂಧೀಜಿ ಗೋರಖ್‌ಪುರಕ್ಕೆ ಬಂದರು. ಕಾಯಿಲೆಯಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಪ್ರೇಮಚಂದರು ಹೆಂಡತಿ ಮಕ್ಕಳೊಡನೆ ಭಾಷಣ ಕೇಳಲು ಹೋಗಿದ್ದರು. ಒಂದು ವಾರದ ಬಳಿಕ ಅವರು ಸರ್ಕಾರಿ ನೌಕರಿಯಿಂದ ಬಿಡುಗಡೆ ಪಡೆದರು. ಇಪ್ಪತ್ತು ವರ್ಷಗಳ ಸೇವೆ, ನಿಶ್ಚಿತ ಸಂಬಳ, ಮುಂದಿನ ಪಿಂಚಣಿ, ಎಲ್ಲವನ್ನೂ ಬಿಟ್ಟುಕೊಟ್ಟ ನಿರ್ಧಾರ ಅದು. ಶಿವರಾಣಿಯವರ ಒಪ್ಪಿಗೆ ಪಡೆದೇ ಅವರು ರಾಜೀನಾಮೆ ಕೊಟ್ಟರು. ಪಿಂಚಣಿಯ ಬೆಲೆ ಏನೆಂದು ಬಲ್ಲ ನನ್ನಂಥವರಿಗೆ ಆ ಒಪ್ಪಿಗೆಯ ತೂಕ ಬೇಗ ಅರ್ಥವಾಗುತ್ತದೆ. ಪ್ರತಿ ತಿಂಗಳ ಮೊದಲ ವಾರ ಬ್ಯಾಂಕಿನಿಂದ ಬರುವ ಮೊತ್ತವಿಲ್ಲದೆ ಬದುಕುವ ಧೈರ್ಯ ನನಗೆ ಎಂದೂ ಇರಲಿಲ್ಲ.

ಆಮೇಲೆ ಕೆಲಕಾಲ ಚರಕಗಳ ಮಾರಾಟ, ಕಾನ್ಪುರದ ಖಾಸಗಿ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರ ಹುದ್ದೆ, ಕಾಶಿ ವಿದ್ಯಾಪೀಠದಲ್ಲಿ ಕೆಲಸ. ಯಾವುದೂ ಬಹುಕಾಲ ನಡೆಯಲಿಲ್ಲ. 1923ರಲ್ಲಿ ಅವರು ಕಾಶಿಯಲ್ಲಿ ಸರಸ್ವತಿ ಪ್ರೆಸ್ ಸ್ಥಾಪಿಸಿದರು. ತಮ್ಮ ಮಹತಾಬ್ ರಾಯ್, ಮುಂದೆ ಫಿರಾಕ್ ಗೋರಖ್‌ಪುರಿ ಎಂದು ಉರ್ದು ಕಾವ್ಯದಲ್ಲಿ ಹೆಸರಾದ ರಘುಪತಿ ಸಹಾಯ್ ಮೊದಲಾದವರು ಪಾಲುದಾರರು. ಯೋಜನೆ ಸರಳವಾಗಿತ್ತು. ಹೊರಗಿನ ಮುದ್ರಣದ ಕೆಲಸದಿಂದ ಪ್ರೆಸ್ಸಿನ ಖರ್ಚು ಹೊರಡಬೇಕು. ಬಿಡುವಿನಲ್ಲಿ ತಮ್ಮ ಪುಸ್ತಕಗಳು ಅಚ್ಚಾಗಬೇಕು. ಲಾಭ ಲೇಖಕನ ಮನೆಗೇ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಏನನ್ನು ಅಚ್ಚು ಹಾಕಬೇಕೆಂದು ಯಾರನ್ನೂ ಕೇಳುವ ಅಗತ್ಯ ಇರಬಾರದು.

ಕಾಗದದ ಮೇಲೆ ನಿರ್ದುಷ್ಟವಾದ ಈ ಯೋಜನೆ ಅಂಗಡಿಯಲ್ಲಿ ಎಡವಿತು. ಮುದ್ರಣಾಲಯಕ್ಕೆ ಬೇಕಾದದ್ದು ಮೊದಲ ಬಂಡವಾಳ ಮಾತ್ರವಲ್ಲ, ದಿನನಿತ್ಯದ ದುಡಿಯುವ ಬಂಡವಾಳ. ಕಾಗದಕ್ಕೆ ಇಂದೇ ಹಣ ಕೊಡಬೇಕು, ಮೊಳೆ ಜೋಡಿಸುವವರಿಗೆ ತಿಂಗಳಿಗೆ ಸಂಬಳ ಕೊಡಬೇಕು. ಆದರೆ ಪುಸ್ತಕದಂಗಡಿಯಿಂದ ಹಣ ಬರುವುದು ಪುಸ್ತಕ ಮಾರಾಟವಾದ ಮೇಲೆ, ಅಂಗಡಿಯವನಿಗೆ ಮನಸ್ಸು ಬಂದಾಗ. ಪ್ರೆಸ್ಸು ಮೊದಲ ವರ್ಷದಿಂದಲೇ ನಷ್ಟಕ್ಕಿಳಿಯಿತು. ಪಾಲುದಾರರ ನಡುವೆ ಅಸಮಾಧಾನ ಹುಟ್ಟಿತು. ತಮ್ಮ ಮುದ್ರಣಾಲಯವನ್ನು ಸಾಕುವುದಕ್ಕಾಗಿ ಪ್ರೇಮಚಂದರು ಲಖನೌಗೆ ಹೋಗಿ ಇತರ ಪ್ರಕಾಶಕರಲ್ಲಿ ಸಂಬಳಕ್ಕೆ ದುಡಿಯಬೇಕಾಯಿತು. ಅಲ್ಲಿನ ನವಲ್‌ಕಿಶೋರ್ ಪ್ರೆಸ್ಸಿನ 'ಮಾಧುರಿ' ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡದ್ದು ಈ ಅವಧಿಯಲ್ಲೇ. ಬೇರೆಯವರ ಪ್ರೆಸ್ಸಿನಲ್ಲಿ ಗಳಿಸಿ ಸ್ವಂತ ಪ್ರೆಸ್ಸಿಗೆ ಸುರಿಯುವ ಈ ಕ್ರಮ ಕೊನೆಯವರೆಗೂ ನಡೆಯಿತು.

ಇಷ್ಟಾದರೂ ಅವರು ಹಿಂದೆ ಸರಿಯಲಿಲ್ಲ. 1930ರ ಮಾರ್ಚಿನಲ್ಲಿ 'ಹಂಸ' ಮಾಸಪತ್ರಿಕೆಯನ್ನು ಆರಂಭಿಸಿದರು. 1932ರಲ್ಲಿ 'ಜಾಗರಣ' ಎಂಬ ವಾರಪತ್ರಿಕೆಯನ್ನೂ ವಹಿಸಿಕೊಂಡರು. ನಷ್ಟದಲ್ಲಿರುವ ಪ್ರೆಸ್ಸಿಗೆ ನಿಯಮಿತ ಕೆಲಸ ಸಿಗಲೆಂಬ ಲೆಕ್ಕವೂ ಇದರ ಹಿಂದಿತ್ತು. ಯಂತ್ರ ಸುಮ್ಮನೆ ನಿಂತರೆ ನಷ್ಟ, ಓಡಿದರೆ ಇನ್ನಷ್ಟು ನಷ್ಟ ಎಂಬ ಸ್ಥಿತಿ ಬಂದಿತು. ಉಪ್ಪಿನ ಸತ್ಯಾಗ್ರಹದ ಆ ವರ್ಷ ಸರ್ಕಾರ ಹೊರಡಿಸಿದ ಪತ್ರಿಕಾ ಸುಗ್ರೀವಾಜ್ಞೆಯ ಬಿಸಿ 'ಹಂಸ'ಕ್ಕೂ ತಟ್ಟಿತು. ಠೇವಣಿ ಇಡದೆ ಪತ್ರಿಕೆ ನಡೆಸುವಂತಿರಲಿಲ್ಲ. ಹಮೀರ್‌ಪುರದ ಕಲೆಕ್ಟರರು ಕೇಳಿದ್ದು ವಿಧೇಯತೆ, ಈಗ ಸರ್ಕಾರ ಕೇಳಿದ್ದು ರೊಕ್ಕ. ಅನುಮತಿಯ ಹಂಗಿನಿಂದ ಪಾರಾದೆನೆಂದು ನಂಬಿದ್ದ ಲೇಖಕನಿಗೆ ಅದೇ ಹಂಗು ಜಾಮೀನಿನ ರೂಪದಲ್ಲಿ ಎದುರಾಯಿತು. ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿ ಶಿವರಾಣಿಯವರು ಜೈಲಿಗೆ ಹೋದದ್ದೂ ಅದೇ 1930ರಲ್ಲಿ.

ಈ ಬಿಕ್ಕಟ್ಟುಗಳ ನಡುವೆಯೇ 'ಗಬನ್' ಮತ್ತು 'ಕರ್ಮಭೂಮಿ' ಕಾದಂಬರಿಗಳು 1931 ಮತ್ತು 1932ರಲ್ಲಿ ಅವರ ಸ್ವಂತ ಪ್ರೆಸ್ಸಿನಿಂದ ಹೊರಬಂದವು. ಶೋಕಿಯ ಆಸೆಗೆ ಬಿದ್ದು ಕಚೇರಿಯ ಹಣಕ್ಕೆ ಕೈ ಹಾಕುವ ಸಣ್ಣ ನೌಕರನ ಕಥೆ 'ಗಬನ್'. ಒಡವೆ, ಸಾಲ, ಕಂತು, ಮರ್ಯಾದೆಯ ಭಯ ಇವುಗಳ ವಿವರ ಅದರಲ್ಲಿ ಎಷ್ಟು ನಿಖರವಾಗಿದೆಯೆಂದರೆ ಪ್ರತಿದಿನ ಸಾಲಗಾರರ ಮುಖ ನೋಡುತ್ತಿದ್ದವರಿಗಷ್ಟೇ ಅದು ದಕ್ಕುವಂಥದು.

ಪ್ರೆಸ್ಸಿನ ಇನ್ನೊಂದು ಮುಖವನ್ನೂ ನೋಡಬೇಕು. ದುಡಿಯುವವರ ನೋವನ್ನು ಜೀವಮಾನವೆಲ್ಲ ಬರೆದ ಮನುಷ್ಯ ಈಗ ತಾನೇ ಕೆಲವರಿಗೆ ಧಣಿಯಾಗಿದ್ದ, ಅದೂ ಸಕಾಲಕ್ಕೆ ಸಂಬಳ ಕೊಡಲಾಗದ ಧಣಿ. ಶಿವರಾಣಿಯವರು 1944ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಚಳಿಗಾಲಕ್ಕೆ ಬೆಚ್ಚನೆಯ ಬಟ್ಟೆ ಹೊಲಿಸಿಕೊಳ್ಳಲೆಂದು ಅವರು ಪತಿಗೆ ಎರಡು ಬಾರಿ ಹಣ ಕೊಟ್ಟರು. ಎರಡು ಬಾರಿಯೂ ಅದು ಪ್ರೆಸ್ಸಿನ ಕೆಲಸಗಾರರ ಕೈ ಸೇರಿತು. ನಾವು ಇದನ್ನು ಔದಾರ್ಯದ ಕಥೆಯೆಂದು ಓದಿ ಕಣ್ಣು ಒದ್ದೆ ಮಾಡಿಕೊಳ್ಳಬಹುದು. ಆದರೆ ಕೆಲಸಗಾರರ ಸಂಬಳ ಧಣಿಯ ಕೋಟಿನ ಹಣದಿಂದ ಹೊರಡಬೇಕಾದರೆ ಆ ಉದ್ಯಮದ ಸ್ಥಿತಿ ಏನು? ಆ ಕೋಟಿನ ಹಣ ಹೆಂಡತಿ ಮನೆಖರ್ಚಿನಲ್ಲಿ ಉಳಿಸಿದ್ದಾಗಿದ್ದರೆ ನಷ್ಟ ಬರೆಯಬೇಕಾದದ್ದು ಯಾರ ಖಾತೆಗೆ? ಪ್ರೇಮಚಂದರ ಪ್ರೆಸ್ಸಿನ ನಿಜವಾದ ಬಂಡವಾಳಗಾರರು ಶಿವರಾಣಿಯವರೆಂದು ನನಗೆ ಅನ್ನಿಸುತ್ತದೆ. ಯಾವ ಪಾಲುದಾರಿಕೆಯ ಪತ್ರದಲ್ಲೂ ಆ ಹೂಡಿಕೆ ದಾಖಲಾಗಲಿಲ್ಲ.

ಸಾಲ ತೀರಿಸುವ ಕೊನೆಯ ಪ್ರಯತ್ನವಾಗಿ 1934ರ ಜೂನಿನಲ್ಲಿ ಅವರು ಮುಂಬಯಿಗೆ ಹೋದರು. ಅಜಂತಾ ಸಿನೆಟೋನ್ ಕಂಪನಿ ವರ್ಷಕ್ಕೆ 8,000 ರೂಪಾಯಿಯ ಕರಾರು ಮಾಡಿಕೊಂಡಿತ್ತು. ಮೋಹನ್ ಭವ್ನಾನಿ ನಿರ್ದೇಶಿಸಿದ 'ಮಜ್ದೂರ್' ಚಿತ್ರಕ್ಕೆ ಅವರು ಕಥೆ ಬರೆದರು, ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡರು. ಗಿರಣಿ ಕಾರ್ಮಿಕರ ಹೋರಾಟದ ಆ ಚಿತ್ರಕ್ಕೆ ಮುಂಬಯಿಯಲ್ಲಿ ನಿಷೇಧ ಬಂದಿತು. ಅದೇ ವರ್ಷ ಅತ್ತ ಕಾಶಿಯಲ್ಲಿ, ಬಾಕಿ ಸಂಬಳಕ್ಕಾಗಿ ಸರಸ್ವತಿ ಪ್ರೆಸ್ಸಿನ ಕೆಲಸಗಾರರೇ ಮುಷ್ಕರ ಹೂಡಿದರು. ಮುಷ್ಕರದ ಕಥೆ ಬರೆದು ಗಳಿಸಿದ ಹಣ ತನ್ನದೇ ಪ್ರೆಸ್ಸಿನ ಮುಷ್ಕರವನ್ನು ತಪ್ಪಿಸಲಿಲ್ಲ. ಇದನ್ನು ಕಂಡು ಅವರ ಆದರ್ಶವನ್ನು ಹಳಿಯುವವರಿದ್ದಾರೆ. ನಾನು ಹಳಿಯಲಾರೆ. ಕೆಲಸಗಾರರ ಬೇಡಿಕೆಯೂ ನ್ಯಾಯವಾದದ್ದೇ, ಕೊಡಲು ಹಣವಿಲ್ಲವೆಂಬುದೂ ಸತ್ಯವೇ. ಆಡಳಿತದಲ್ಲಿ ಇಂಥ ಎರಡು ಸತ್ಯಗಳ ನಡುವೆ ಕೂತವರಿಗೆ ಆ ಸಂಕಟ ಹೊಸದಲ್ಲ.

ಮುಂಬಯಿಯಲ್ಲಿದ್ದ ದಿನಗಳಲ್ಲೇ, 1934ರ ಡಿಸೆಂಬರಿನ ಕೊನೆಯಲ್ಲಿ, ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಘಟಿಕೋತ್ಸವಕ್ಕೆಂದು ಅವರು ಮದರಾಸಿಗೆ ಬಂದರು. ಆ ಪ್ರವಾಸದಲ್ಲಿ ಮೈಸೂರು, ಬೆಂಗಳೂರುಗಳನ್ನೂ ನೋಡಿ ಹೋದರು. ಚಿತ್ರರಂಗ ಅವರಿಗೆ ಒಗ್ಗಲಿಲ್ಲ. ವರ್ಷ ತುಂಬುವ ಮೊದಲೇ, 1935ರ ಏಪ್ರಿಲಿನಲ್ಲಿ, ಅವರು ಕಾಶಿಯ ದಾರಿ ಹಿಡಿದರು. ಹಣದಾಸೆ ಕಾಡಿಸಿ ಕರೆದೊಯ್ದಿದ್ದ ಊರಿನಿಂದ ಅವರು ತಂದ ದೊಡ್ಡ ಆಸ್ತಿ, ಪೂರ್ತಿಯಾಗದ ಒಂದು ಕಾದಂಬರಿಯ ಹಸ್ತಪ್ರತಿ. ಅದು 'ಗೋದಾನ'.

1936ರಲ್ಲಿ ಪ್ರಕಟವಾದ 'ಗೋದಾನ'ದ ಹೋರಿ ಸಾಲಕ್ಕೆ ಹುಟ್ಟಿ ಸಾಲದಲ್ಲೇ ಸಾಯುವ ರೈತ. ಒಂದು ಹಸು ಸಾಕಬೇಕೆಂಬುದಷ್ಟೇ ಆತನ ಆಸೆ. ಬಡ್ಡಿಯ ಲೆಕ್ಕ, ಕಂತು ತಪ್ಪಿದಾಗಿನ ಅವಮಾನ, ತೀರಿಸಿದಷ್ಟೂ ಬೆಳೆಯುವ ಅಸಲು ಇವುಗಳನ್ನು ನಾನು ಸ್ನಾತಕೋತ್ತರ ತರಗತಿಯಲ್ಲಿ ಗ್ರಾಮೀಣ ಸಾಲದ ಅಧ್ಯಾಯದಲ್ಲಿ ಓದಿದ್ದೆ. ಆದರೆ ಸಾಲಗಾರನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದು ತಿಳಿದದ್ದು ಈ ಕಾದಂಬರಿಯಿಂದ. ಹೋರಿಗೆ ಹಸು ಹೇಗೋ ಪ್ರೇಮಚಂದರಿಗೆ ಪ್ರೆಸ್ಸು ಹಾಗೆ. ಮರ್ಯಾದೆಯಿಂದ ಬದುಕಲು ಬೇಕೆನಿಸಿದ ಒಂದೇ ಒಂದು ಸ್ವಂತ ವಸ್ತು, ಅದೇ ಕೊರಳಿಗೆ ಉರುಳು.

ಅದೇ ಏಪ್ರಿಲಿನಲ್ಲಿ ಲಖನೌದಲ್ಲಿ ನಡೆದ ಪ್ರಗತಿಶೀಲ ಲೇಖಕರ ಮೊದಲ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜೂನ್ ವೇಳೆಗೆ ಹಾಸಿಗೆ ಹಿಡಿದರು. ಆ ಹೊತ್ತಿಗೆ 'ಹಂಸ' ಭಾರತೀಯ ಸಾಹಿತ್ಯ ಪರಿಷತ್ತಿನ ಮುಖವಾಣಿಯಾಗಿತ್ತು. ಅದರಲ್ಲಿ ಅಚ್ಚಾದ ನಾಟಕವೊಂದರ ಕಾರಣಕ್ಕೆ ಸರ್ಕಾರ ಮತ್ತೆ ಠೇವಣಿ ಕೇಳಿದಾಗ ಪರಿಷತ್ತು ಪತ್ರಿಕೆಯನ್ನು ನಿಲ್ಲಿಸಲು ತೀರ್ಮಾನಿಸಿತು. ರಕ್ತ ಕಾರುತ್ತಿದ್ದ ಪ್ರೇಮಚಂದರು ಅದನ್ನು ಒಪ್ಪಲಿಲ್ಲ. ಠೇವಣಿಯ ಹಣ ಕಟ್ಟಿಸಿ ಪತ್ರಿಕೆಯನ್ನು ತಮ್ಮ ಕೈಗೆ ಹಿಂದಕ್ಕೆ ಪಡೆದರು. ಸೆಪ್ಟೆಂಬರ್ ಸಂಚಿಕೆ ಹೊರಬಂದಿತು, ಹಣವೇ ಸರ್ವಸ್ವವಾದ ನಾಗರಿಕತೆಯನ್ನು ಕುರಿತ ಅವರ ಪ್ರಸಿದ್ಧ ಲೇಖನದೊಡನೆ. ಅಕ್ಟೋಬರ್ 8ರಂದು ಅವರು ತೀರಿಕೊಂಡರು. ವಯಸ್ಸು 56. ಹಾಸಿಗೆಯ ಬಳಿ ಉಳಿದಿದ್ದ ಅಪೂರ್ಣ ಕಾದಂಬರಿ 'ಮಂಗಳಸೂತ್ರ'ದ ಕೇಂದ್ರ ಪಾತ್ರ ಒಬ್ಬ ಲೇಖಕ. ಜೀವಮಾನವೆಲ್ಲ ಬರೆದು ಹೆಸರು ಗಳಿಸಿ, ಹಣ ಗಳಿಸದೆ ಉಳಿದವನು.

ಶುದ್ಧ ಲೆಕ್ಕಪತ್ರದ ಪ್ರಕಾರ ಸರಸ್ವತಿ ಪ್ರೆಸ್ ಸೋತ ಉದ್ಯಮ. ಪ್ರೇಮಚಂದರು ಅದನ್ನು ಮುಚ್ಚಿ, ಹಸ್ತಪ್ರತಿಗಳನ್ನು ಮಾರಿಕೊಂಡು, ಒಳ್ಳೆಯ ಸಂಬಳದ ಸಂಪಾದಕರಾಗಿದ್ದಿದ್ದರೆ ಇನ್ನೂ ಕೆಲವು ವರ್ಷ ಬದುಕುತ್ತಿದ್ದರೇನೋ ಎಂದು ಅನ್ನಿಸುವುದುಂಟು. ಆದರೆ ಈ ಲೆಕ್ಕಕ್ಕೆ ಇನ್ನೊಂದು ಕಲಮೂ ಇದೆ. ಪ್ರೆಸ್ಸು ಅವರ ನಂತರವೂ ನಿಂತಿತು. ಪತ್ನಿ ಮತ್ತು ಮಕ್ಕಳು 'ಹಂಸ'ವನ್ನು ಮುಂದುವರಿಸಿದರು. ಕಿರಿಯ ಮಗ ಅಮೃತ್ ರಾಯ್ 1962ರಲ್ಲಿ ತಂದೆಯ ಬೃಹತ್ ಜೀವನಚರಿತ್ರೆಯನ್ನು ಬರೆದರು. ನಿಂತುಹೋಗಿದ್ದ 'ಹಂಸ' 1986ರ ಜುಲೈ 31ರಂದು ರಾಜೇಂದ್ರ ಯಾದವರ ಸಂಪಾದಕತ್ವದಲ್ಲಿ ಮತ್ತೆ ಹುಟ್ಟಿತು. ಅದೇ ವರ್ಷದ ಕೊನೆಗೆ, ಲೇಖಕರ ಮರಣಾನಂತರದ ಐವತ್ತು ವರ್ಷಗಳ ಅವಧಿ ಮುಗಿದು, ಪ್ರೇಮಚಂದರ ಕೃತಿಗಳು ಹಕ್ಕುಸ್ವಾಮ್ಯದಿಂದ ಮುಕ್ತವಾದವು. ಇಂದು ಯಾರು ಬೇಕಾದರೂ ಅವರ ಕಾದಂಬರಿಗಳನ್ನು ಅಚ್ಚು ಹಾಕಿ ಮಾರಬಹುದು, ಯಾರ ಅನುಮತಿಯೂ ಬೇಡ. ಜೀವಮಾನವೆಲ್ಲ ಅವರು ಹಂಬಲಿಸಿದ್ದ ಆ ಸ್ಥಿತಿ ಅವರ ಪುಸ್ತಕಗಳಿಗೆ ದೊರೆತದ್ದು ಅವರು ಹೋದ ಅರ್ಧ ಶತಮಾನದ ಮೇಲೆ.

ಸ್ವಂತ ಹಣದಲ್ಲಿ ಪುಸ್ತಕ ಅಚ್ಚು ಹಾಕಿಸಿ, ಕಟ್ಟುಗಳನ್ನು ಮಂಚದ ಕೆಳಗೆ ಪೇರಿಸಿಟ್ಟುಕೊಂಡು, ಅಂಗಡಿಯಿಂದ ಬಾರದ ಬಾಕಿಗೆ ಕಾಯುವ ಲೇಖಕರು ನಮ್ಮ ಊರುಗಳಲ್ಲೂ ಇದ್ದಾರೆ. ಅವರನ್ನು ಕಂಡು ನಾವು ಮುಗುಳ್ನಗುತ್ತೇವೆ. ಅವರೆಲ್ಲರೂ ಪ್ರೇಮಚಂದರಲ್ಲ, ನಿಜ. ಆದರೆ ಸಾವಿರ ಪ್ರತಿಗಳಲ್ಲಿ 300 ಮಾತ್ರ ಮಾರಿದ್ದ ಆ ಉಪ ತನಿಖಾಧಿಕಾರಿಯೂ ಆಗ ಪ್ರೇಮಚಂದರಾಗಿರಲಿಲ್ಲ. ಕಡತ ಮುಂದಿಟ್ಟುಕೊಂಡು ಕೂತವನಿಗೆ ಅದು ತಿಳಿಯುವ ಉಪಾಯವಿಲ್ಲ. ತಿಳಿಯುವುದಿಲ್ಲವಾದ್ದರಿಂದಲೇ ಸಂದೇಹದ ಲಾಭವನ್ನು ಬರೆಯುವವನಿಗೆ ಕೊಡಬೇಕಾಗಿತ್ತು. ಹಮೀರ್‌ಪುರದ ಕಲೆಕ್ಟರರು ಬೆಂಕಿ ಹಚ್ಚಿಸಿದರು, ನಾನು ಸ್ಪಷ್ಟೀಕರಣ ಕೇಳಿದೆ. ಮೊದಲನೆಯದನ್ನು ಚರಿತ್ರೆ ನೆನಪಿಟ್ಟಿದೆ. ಎರಡನೆಯದನ್ನು ನಾನು ನೆನಪಿಟ್ಟಿದ್ದೇನೆ.